ಬಾಗಿಲು ಹಾಕಿದೆ, ಮಲಗು

ಅಕ್ಕನ ಲ್ಯಾಪ್‌ಟಾಪಿನ ಕ್ಯಾಮೆರಾ ಕೆಟ್ಟು ಅಂದಿಗೆ ಐದು ದಿನವಾಗಿತ್ತು. ಬೇರೆಯವರ ಮನೆಯಲ್ಲಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ; ಕ್ಯಾಮೆರಾ ಹೋದರೆ ಹಾಳಾಗಿ ಹೋಗಲಿ, ಫೋನಿನಲ್ಲಿ ಮಾತಾಡಿದರಾಯಿತು ಅನ್ನುತ್ತಿದ್ದರು. ಆದರೆ ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಕ್ಯಾಮೆರಾ ಹೋಯಿತೆಂದರೆ ಅಕ್ಕನ ಬಾಯಿ ಕಟ್ಟಿದಂತೆ, ದೂರದ ಊರಿನಲ್ಲಿರುವ ತಮ್ಮನ ಕಿವಿ ಮುಚ್ಚಿದಂತೆ.

ಫೋನಿನಲ್ಲಿ ಕ್ಯಾಮೆರಾ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಏಳು ತಿಂಗಳ ಹಿಂದೆ ಗಂಡನ ಮನೆ ಬಿಟ್ಟು ಹೊರಟ ದಿನ ಅದನ್ನು ರೈಲಿನ ಕಿಟಕಿಯಿಂದ ಅವಳೇ ಹೊರಗೆ ಎಸೆದಿದ್ದಳು. ಅವಳು ಎಲ್ಲಿ ನಿಂತರೂ, ಎಲ್ಲಿ ಕೂತರೂ ಆ ಫೋನು ಗಂಡನಿಗೆ ಚಾಡಿ ಹೇಳುತ್ತಿತ್ತು. ಈಗ ಅವಳ ಹತ್ತಿರ ಇದ್ದದ್ದು ಬರೀ ಮೆಸೇಜು ಹೋಗಿಬರುವ ಕೀಪ್ಯಾಡ್ ಫೋನು, ಮತ್ತೆ ತಮ್ಮ ಎಂದೋ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪು. ಆ ಲ್ಯಾಪ್‌ಟಾಪೇ ಅಪ್‌ಡೇಟ್ ಮಾಡಲೇ ಎಂದು ಕೇಳಿತ್ತು, ಇವಳು ಹೂಂ ಅಂದಿದ್ದಳು, ಮರುದಿನ ಕ್ಯಾಮೆರಾ ಇಲ್ಲ.

"ಅಪ್‌ಡೇಟ್ ಮುಗಿ. ಕ್ಯಾಮೆರಾ ಸಾಯು. ನೀನು ನೋಡು" ಎಂದು ಮೆಸೇಜು ಬಂದಿತ್ತು. ಬರವಣಿಗೆ ಅಕ್ಕನಿಗೆ ಯಾವತ್ತೂ ಎರವಲು ಅಂಗಿ. ಎಲ್ಲೋ ಬಿಗಿ, ಎಲ್ಲೋ ಸಡಿಲ. ಕೈಯಲ್ಲಿ ಮಾತಿಗಿಳಿದರೆ ಅವಳಷ್ಟು ವಾಚಾಳಿ ಇನ್ನೊಬ್ಬರಿಲ್ಲ.

ಈ ಐದು ದಿನದಲ್ಲಿ ತಮ್ಮ ಸರಿಯಾಗಿ ಊಟ ಮಾಡಿರಲಿಲ್ಲ, ಅದಕ್ಕೆ ಕಾರಣ ಬೇರೆ ಇತ್ತು. ಕ್ಯಾಮೆರಾ ಕೆಟ್ಟ ದಿನವೇ ಅಕ್ಕ ತನ್ನ ರೂಮಿನ ಎದುರಿನ ಫುಟ್‌ಪಾತಿನ ಮೇಲೆ ಗಂಡನನ್ನು ನೋಡಿದ್ದಳು. ಅವನು ಮೇಲೆ ನೋಡುತ್ತಾ ನಿಂತಿದ್ದ. ಅಲ್ಲಿಗೆ ಹೇಗೆ ಬಂದ ಎಂಬುದು ಇಬ್ಬರಿಗೂ ಬಗೆಹರಿಯಲಿಲ್ಲ. ಆ ದಿನವೇ ಎರಡು ಚೀಲ ಕಟ್ಟಿಕೊಂಡು ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಬೇರೆ ರೂಮು ಹಿಡಿದಳು. ಎಲ್ಲಿ ಎಂಬುದನ್ನು ತಮ್ಮನಿಗೂ ತಿಳಿಸಿರಲಿಲ್ಲ. ಯಾಕೆಂದರೆ ಅವರಿಬ್ಬರ ನಡುವೆ ಒಂದು ಕಟ್ಟಪ್ಪಣೆ ಇತ್ತು: ಗುಟ್ಟಿನ ಮಾತನ್ನು ಬರೆಯಬಾರದು, ಕೈಯಲ್ಲೇ ಹೇಳಬೇಕು. ಬರೆದದ್ದನ್ನು ಯಾರು ಬೇಕಾದರೂ ಓದುತ್ತಾರೆ. ಕೈಮಾತು ಹಾಗಲ್ಲ.

ಅದು ಶಾಲೆಯಲ್ಲಿ ಕಲಿಸುವ ಕೈಮಾತೂ ಆಗಿರಲಿಲ್ಲ. ಮನೆಯಲ್ಲೇ ಹುಟ್ಟಿದ್ದು. ಅಕ್ಕನಿಗೆ ಐದು, ತಮ್ಮನಿಗೆ ಮೂರು ವರ್ಷವಿದ್ದಾಗ ಶುರುವಾದ ಆಟ ಬೆಳೆಯುತ್ತಾ ಬೆಳೆಯುತ್ತಾ ಭಾಷೆಯೇ ಆಗಿಬಿಟ್ಟಿತ್ತು. ಕಿವಿಯ ತುದಿ ಹಿಡಿದರೆ ತಮ್ಮ. ಮನೆಯಲ್ಲಿ ಕೇಳಿಸಿಕೊಳ್ಳುವ ಕೆಲಸ ಅವನದಾಗಿತ್ತಲ್ಲ, ಅದಕ್ಕೆ. ಹುಬ್ಬಿನ ಮಚ್ಚೆ ಮುಟ್ಟಿದರೆ ಅಕ್ಕ. ಅಪ್ಪ ಬೀಗ ರಿಪೇರಿಯವನು. ಮಲಗುವ ಮುಂಚೆ ಮನೆಯ ಬಾಗಿಲು ಭದ್ರ ಮಾಡಿ ಬಂದು, ಎದೆಯ ಮುಂದೆ ಬೀಗದ ಕೈ ತಿರುಗಿಸಿದಂತೆ ಮುಷ್ಟಿ ತಿರುಗಿಸಿ, ಆಮೇಲೆ ಕೆನ್ನೆಗೆ ಅಂಗೈ ಇಡುತ್ತಿದ್ದ. ಬಾಗಿಲು ಹಾಕಿದೆ, ಮಲಗು. ಕತ್ತಲಿಗೆ ಹೆದರುವ ಅಕ್ಕ ಅದನ್ನು ನೋಡಿದ ಮೇಲೇ ಕಣ್ಣು ಮುಚ್ಚುತ್ತಿದ್ದಳು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಆ ಭಾಷೆ ಬಲ್ಲವರು ಪ್ರಪಂಚದಲ್ಲಿ ಇಬ್ಬರೇ ಉಳಿದರು. ಈಗಲೂ ಕರೆ ಮುಗಿಸುವಾಗ ತಮ್ಮ ಹಾಗೇ ಮಾಡುತ್ತಿದ್ದ.

ಭಾವ ಅದನ್ನು ಕಲಿತಿರಲಿಲ್ಲ. ಒಂಬತ್ತು ವರ್ಷ ಒಂದೇ ಸೂರಿನಡಿ ಬಾಳಿ ಒಂದೇ ಒಂದು ಪದ ಕಲಿತಿರಲಿಲ್ಲ. "ಆ ಕಪಿಚೇಷ್ಟೆ ಕಲಿಯೋಕೆ ನನಗೆಲ್ಲಿ ಪುರುಸೊತ್ತು?" ಎಂದು ಬೀಗರ ಮುಂದೆಯೇ ನಗುತ್ತಿದ್ದ. ಹೆಂಡತಿಯನ್ನು ಕರೆಯಬೇಕಾದರೆ ನೆಲಕ್ಕೆ ಎರಡು ಸಲ ಕಾಲು ಗುದ್ದುತ್ತಿದ್ದ. ಬೇಕಾದ್ದನ್ನು ಚೀಟಿಯಲ್ಲಿ ಬರೆಯುತ್ತಿದ್ದ: ಟೀ. ಇಸ್ತ್ರಿ. ಎಲ್ಲಿಗೆ. ಯಾಕೆ ತಡ. ಅಕ್ಕತಮ್ಮಂದಿರ ಭಾಷೆಯಲ್ಲಿ ಅವನಿಗೆ ಆ ಗುದ್ದೇ ಹೆಸರಾಯಿತು. ಅಂಗೈ ಮೇಲೆ ಮುಷ್ಟಿಯಿಂದ ಎರಡು ಗುದ್ದು. ಅವನ ಕೆಲಸ ಅಂಗಡಿಗಳಿಗೆ ಕಾವಲು ಕ್ಯಾಮೆರಾ ಹಾಕಿಕೊಡುವುದು. ಊರಿಗೆಲ್ಲ ಕಣ್ಣು ಹಚ್ಚಿದವನು ಮನೆಯೊಳಗಿನ ಹೆಂಡತಿಯ ಕೈಯನ್ನು ಮಾತ್ರ ತಿರುಗಿ ನೋಡಲಿಲ್ಲ.

ತಮ್ಮನಿಗೆ ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ಮೇಲೆ ಕೆಳಗೆ ಓಡಾಡುತ್ತಾನೆಂದು ಮೇಸ್ತ್ರಿ ಅವನಿಗೆ ರಾಟೆ ಎಂದು ಹೆಸರಿಟ್ಟಿದ್ದರು. ಈಗ ಎಲ್ಲರ ಬಾಯಲ್ಲೂ ಅದೇ. ರಾಟೆಯ ಕೈ ಚುರುಕು, ಸಹನೆ ಮಾತ್ರ ಅಷ್ಟಕ್ಕಷ್ಟೆ. ನಿಂತದ್ದನ್ನು ಮೊದಲು ಓಡಿಸಬೇಕು, ಯಾಕೆ ನಿಂತಿತೆಂದು ಆಮೇಲೆ ನೋಡಿದರಾಯಿತು ಎಂಬುದು ಅವನ ಲೆಕ್ಕ. ಮೇಸ್ತ್ರಿಯದು ಇದಕ್ಕೆ ತದ್ವಿರುದ್ಧ.

ಆ ಭಾನುವಾರ ಬೆಳಗ್ಗೆಯೂ ಹೀಗೇ ಆಯಿತು. ಹದಿನಾಲ್ಕು ಅಂತಸ್ತಿನ ಆಫೀಸು ಕಟ್ಟಡದ ಒಂದು ಲಿಫ್ಟು ಆರು ಮತ್ತು ಏಳರ ನಡುವೆ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ರಾಟೆ ಬ್ರೇಕು ಬಿಡಿಸಲು ಕೈ ಹಾಕಿದ. ಮೇಸ್ತ್ರಿ ಆ ಕೈಯ ಮೇಲೆ ಫಟ್ಟೆಂದು ಹೊಡೆದರು.

"ನಿಂತಿದೆ ಅಂದ್ರೆ ಏನೋ ಹಿಡ್ಕೊಂಡಿದೆ ಅಂತ. ಯಾಕೆ ಹಿಡ್ಕೊಂಡಿದೆ ಅಂತ ಕೇಳದೆ ಬಿಡಿಸ್ತೀಯೇನೋ? ರೋಪು ನೋಡಿದ್ಯಾ?"

ನೋಡಿರಲಿಲ್ಲ. ನೋಡಿದರೆ ಲಿಫ್ಟನ್ನು ಎಳೆಯುವ ಉಕ್ಕಿನ ರೋಪಿನ ಎಳೆಗಳು ಅರ್ಧಕ್ಕರ್ಧ ಹರಿದು ಕೂದಲಿನಂತೆ ಎದ್ದಿದ್ದವು. ಬ್ರೇಕು ಹಿಡಿದದ್ದಕ್ಕೇ ಲಿಫ್ಟು ಉಳಿದಿತ್ತು. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಮೇಸ್ತ್ರಿ ಗೊಣಗುತ್ತಾ ಹೊಸ ರೋಪು ತರಿಸಲು ಕೆಳಗಿಳಿದರು. ರೋಪು ಬರುವುದು ಸಂಜೆಗೆ. ಅಲ್ಲಿಯವರೆಗೆ ರಾಟೆಗೆ ಬಿಡುವು.

ಕಟ್ಟಡದ ನೆತ್ತಿಯ ಮೆಷಿನ್ ರೂಮಿನಲ್ಲಿ, ಗ್ರೀಸಿನ ಡಬ್ಬಗಳ ನಡುವೆ, ಟೂಲ್ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಅವನು ಅಕ್ಕನ ಕ್ಯಾಮೆರಾದ ಕೆಲಸಕ್ಕೆ ಕೂತ. ಅಕ್ಕನಿಗೂ ಅವತ್ತು ರಜೆ. ಅವಳು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಹಲ್ಲಿಗೆ ಪಾಲಿಶ್ ಹಾಕುತ್ತಾಳೆ. ಬೇರೆಯವರು ಆ ಮೆಷಿನ್ನಿನ ಕಿರ್ ಸದ್ದಿಗೆ ಕೆಲಸ ಬಿಟ್ಟು ಓಡುತ್ತಾರೆ, ಇವಳಿಗೆ ಆ ಚಿಂತೆಯಿಲ್ಲ. ಊರಿನವರ ನಗುವೆಲ್ಲ ನನ್ನ ಕೈಯಿಂದಲೇ ಹೋಗುವುದು ಎಂದು ಅವಳ ತಮಾಷೆ.

ಮೊದಲು ಸುಲಭದ ಅನುಮಾನಗಳು. ಕೆಲವು ಲ್ಯಾಪ್‌ಟಾಪುಗಳಲ್ಲಿ ಕ್ಯಾಮೆರಾ ಮುಚ್ಚಲೆಂದೇ ಒಂದು ಗುಂಡಿ ಇರುತ್ತದೆ, ಕೈ ತಾಗಿ ಒತ್ತಿಹೋಗಿರಬಹುದು. ಮೆಸೇಜು ಕಳಿಸಿ ಕೇಳಿದ. ಇಲ್ಲ. ಕಣ್ಣಿನ ಮೇಲೆ ಅಂಟುಪಟ್ಟಿಯೇನಾದರೂ? ಇಲ್ಲ. ಸರಿ ಎಂದು ತನ್ನ ಲ್ಯಾಪ್‌ಟಾಪಿನಿಂದಲೇ ಅಕ್ಕನ ಲ್ಯಾಪ್‌ಟಾಪಿನೊಳಗೆ ಹೋದ. ದೂರದಿಂದಲೇ ರಿಪೇರಿ ಮಾಡಲು ಬರಲಿ ಎಂದು ಅದಕ್ಕೊಂದು ಹಿತ್ತಿಲ ಬಾಗಿಲನ್ನು ಅವನು ಹಿಂದೆಯೇ ಮಾಡಿಟ್ಟಿದ್ದ. ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳಿತು. ಮನೆಯ ನಂಬರು ಒತ್ತಿದ.

ಮನೆಯ ನಂಬರೆಂದರೆ ಅಪ್ಪನ ಅಂಗಡಿಯ ಮಳಿಗೆ ಸಂಖ್ಯೆಯನ್ನು ಎರಡು ಸಲ ಬರೆದದ್ದು. ಬೀರು, ಸೈಕಲ್ಲು, ಸೂಟ್‌ಕೇಸು, ಬ್ಯಾಂಕು, ಲ್ಯಾಪ್‌ಟಾಪು, ಎಲ್ಲಕ್ಕೂ ಅದೇ. "ಊರಿಗೆ ನೂರು ಬೀಗ, ಮನೆಯವರಿಗೆ ಒಂದೇ ನಂಬರು" ಎನ್ನುವುದು ಅಪ್ಪನ ಮಾತು. ಮನೆಯೊಳಗೆ ಬೀಗಕ್ಕೊಂದು ಗುಟ್ಟು ಇಟ್ಟುಕೊಂಡರೆ ಅದು ಮನೆಯೇ ಅಲ್ಲ, ಜೈಲು ಅನ್ನುತ್ತಿದ್ದ. ಮದುವೆಯ ದಿನ ಅಳಿಯನನ್ನು ಪಕ್ಕಕ್ಕೆ ಕರೆದು ಅವನ ಕಿವಿಯಲ್ಲಿ ಆ ನಂಬರು ಹೇಳಿ, "ಇವತ್ತಿಂದ ನೀವೂ ಮನೆಯವರೇ" ಅಂದಿದ್ದ. ಎಲ್ಲರ ಕಣ್ಣಲ್ಲೂ ನೀರು ಬಂದಿತ್ತು. ಅಕ್ಕ ಮನೆ ಬಿಟ್ಟಳು, ಊರು ಬಿಟ್ಟಳು, ಫೋನು ಎಸೆದಳು. ನಂಬರು ಬದಲಿಸಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಬೀಗದವನ ಮಕ್ಕಳಿಗೆ ಅದು ಅಪ್ಪನ ಹೆಸರಿದ್ದ ಹಾಗಿತ್ತು.

ಲ್ಯಾಪ್‌ಟಾಪಿನ ಒಳಗೆ ಕ್ಯಾಮೆರಾ ಇತ್ತು. ಸತ್ತಿರಲಿಲ್ಲ. ಜೋಡಿಸಿದ ಸಾಮಾನುಗಳ ಪಟ್ಟಿಯಲ್ಲಿ ಅದರ ಹೆಸರು ನೆಟ್ಟಗೆ ನಿಂತಿತ್ತು. ಅನುಮತಿಗಳೂ ಸರಿಯಾಗಿದ್ದವು. ಹಾಗಾದರೆ ಒಂದು ಫೋಟೋ ತೆಗೆದು ನೋಡೋಣವೆಂದು ಆಜ್ಞೆ ಕೊಟ್ಟ. ಆಗುವುದಿಲ್ಲ, ಕ್ಯಾಮೆರಾ ಬಿಜಿ ಇದೆ ಎಂದು ಉತ್ತರ ಬಂತು. ಕ್ಯಾಮೆರಾ ನಡೆಸುವ ಡ್ರೈವರನ್ನು ತೆಗೆದು ಮತ್ತೆ ಹಾಕೋಣವೆಂದರೆ ಅದಕ್ಕೂ ಅದೇ ಉತ್ತರ: ಬಳಕೆಯಲ್ಲಿದೆ, ತೆಗೆಯಲಾಗದು.

ಅಷ್ಟರಲ್ಲಿ ಅಕ್ಕನ ಮೆಸೇಜು ಬಂತು. "ಚಿಕ್ಕ ದೀಪ ಹತ್ತು, ಆರು. ಹತ್ತು, ಆರು. ನಾನು ಏನೂ ತೆರೆ ಇಲ್ಲ. ಐದು ದಿನ ಹೀಗೆ. ಕಣ್ಣು ಹೊಡೆ."

ಇಲ್ಲಿ ನಿಂತು ಯೋಚಿಸಬೇಕಿತ್ತು. ಏನೂ ತೆರೆಯದಿದ್ದರೂ ಕ್ಯಾಮೆರಾದ ಪಕ್ಕದ ದೀಪ ಹತ್ತುತ್ತದೆ, ಆರುತ್ತದೆ. ಕೇಳಿದರೆ ಬಿಜಿ ಇದ್ದೇನೆ ಅನ್ನುತ್ತದೆ. ಆದರೆ ಐದು ದಿನ ಅಕ್ಕನ ಮುಖ ನೋಡದವನಿಗೆ ಯೋಚನೆ ಎಲ್ಲಿಂದ ಬರಬೇಕು? ಎಲ್ಲ ಅಪ್‌ಡೇಟಿನ ಅವಾಂತರ ಎಂದು ರಾಟೆ ತೀರ್ಮಾನಿಸಿದ. ಲಿನಕ್ಸ್ ಅಪ್‌ಡೇಟ್ ಆದಾಗ ಒಳಗಿನ ತಿರುಳು, ಕರ್ನಲ್ ಅನ್ನುತ್ತಾರಲ್ಲ ಅದು, ಹೊಸದಾಗುತ್ತದೆ. ಹಳೆಯದನ್ನು ಬಿಸಾಕದೆ ಮೂಲೆಯಲ್ಲಿ ಇಟ್ಟಿರುತ್ತದೆ. ಹಳೆಯದರಿಂದಲೇ ಶುರು ಮಾಡಿಬಿಟ್ಟರೆ ಎಲ್ಲ ಮುಂಚಿನ ಹಾಗೇ ಆಗುತ್ತದೆ. ಯಾಕೆ ಕೆಟ್ಟಿತೆಂದು ಆಮೇಲೆ ನೋಡಿದರಾಯಿತು.

"ಆಫ್ ಮಾಡಿ ಆನ್ ಮಾಡು. ಶುರುವಾಗುವಾಗ ಒಂದು ಪಟ್ಟಿ ಬರುತ್ತೆ. ಎರಡನೇ ಸಾಲಿಗೆ ಹೋಗು. ಅದರೊಳಗೆ ಹಳೇ ನಂಬರು ಇರುತ್ತೆ, ಅದನ್ನ ಒತ್ತು."

ನಾಲ್ಕು ನಿಮಿಷವಾಯಿತು. ಐದಾಯಿತು. ರಾಟೆ ಉಗುರು ಕಡಿಯುತ್ತಾ ಕೂತಿದ್ದ. ಆಮೇಲೆ ಪರದೆಯ ಮೇಲೆ ಕರೆ ಬಂತು, ಒತ್ತಿದ, ಅಕ್ಕ ಬಂದಳು. ಹುಬ್ಬಿನ ಮಚ್ಚೆ, ಕೆದರಿದ ಕೂದಲು, ಬಾಯ್ತುಂಬ ನಗು. ಅವನಿಗೆ ಹೋದ ಜೀವ ಬಂದಂತಾಯಿತು. ಅವಳು ಕಿವಿಯ ತುದಿ ಹಿಡಿದು ಎಳೆದು ಎಳೆದು ತಮ್ಮ, ತಮ್ಮ, ತಮ್ಮ ಎಂದಳು.

ಐದು ದಿನದ ಮಾತು ಕಟ್ಟೆಯೊಡೆಯಿತು. ಲ್ಯಾಪ್‌ಟಾಪನ್ನೇ ಎತ್ತಿಕೊಂಡು ರೂಮೆಲ್ಲ ತೋರಿಸಿದಳು. ಒಂದು ಮಂಚ, ಒಂದು ಮೇಜು, ಬಡಗು ದಿಕ್ಕಿನ ಕಿಟಕಿ. ಬೆಳಕು ಕಡಿಮೆ, ಮಧ್ಯಾಹ್ನವೇ ಸಂಜೆಯ ಹಾಗಿತ್ತು. ಬಾಗಿಲ ಮೇಲೆ ಒಂದು ಬಲ್ಬು. ಯಾರಾದರೂ ಬೆಲ್ ಒತ್ತಿದರೆ ಸದ್ದಿನ ಬದಲು ಆ ಬಲ್ಬು ಮಿನುಗುವಂತೆ ಎಲೆಕ್ಟ್ರಿಷಿಯನ್ ಮಾಡಿಕೊಟ್ಟಿದ್ದನಂತೆ. ಅದಕ್ಕೆ ಅವಳಿಗೆ ಬಹಳ ಹೆಮ್ಮೆ. ಆಮೇಲೆ ಕೂತು ಗಂಭೀರವಾಗಿ, ಒಂದೊಂದಾಗಿ ಹೇಳಿದಳು. ದೊಡ್ಡ ನೀರಿನ ಟ್ಯಾಂಕಿನ ಹಿಂದಿನ ಬೀದಿ. ಎಡಗಡೆ ಏಳನೇ ಮನೆ. ಹಸಿರು ಗೇಟು. ಎರಡನೇ ಮಹಡಿ. ಕೆಳಗೆ ಮನೆಯ ಓನರಮ್ಮ, ಒಳ್ಳೆಯ ಹೆಂಗಸು, ಮಾತು ಜಾಸ್ತಿ, ಕೇಳದಿದ್ದರೂ ಬಿಡುವುದಿಲ್ಲ. ಅವರ ಫೋನ್ ನಂಬರನ್ನು ಬೆರಳಿನಲ್ಲಿ ಎಣಿಸಿ ಹೇಳಿದಳು. ತುರ್ತಿಗಿರಲಿ ಅಂದಳು. ರಾಟೆ ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡ.

"ಎರಡು ಗುದ್ದು?" ಎಂದು ಅಂಗೈಗೆ ಮುಷ್ಟಿ ಗುದ್ದಿ ಕೇಳಿದ. ಭಾವನ ಸುಳಿವೇನಾದರೂ ಇದೆಯೇ ಎಂದು.

"ಇಲ್ಲ. ಐದು ದಿನದಿಂದ ಎಲ್ಲೂ ಕಾಣಿಸಿಲ್ಲ. ಈ ಸಲ ತಪ್ಪಿಸ್ಕೊಂಡೆ ಅನ್ಸುತ್ತೆ" ಎಂದಿತು ಅಕ್ಕನ ಕೈ.

ಮಾತು ಮುಗಿದರೂ ಅವರು ಕರೆ ಮುಗಿಸುತ್ತಿರಲಿಲ್ಲ. ಅದೊಂದು ರೂಢಿ. ಅವಳು ತನ್ನ ಪಾಡಿಗೆ ಬಟ್ಟೆ ಮಡಚುವುದು, ಇವನು ತನ್ನ ಪಾಡಿಗೆ ನಟ್ಟು ಬೋಲ್ಟು ಒರೆಸುವುದು, ಆಗಾಗ ಒಬ್ಬರನ್ನೊಬ್ಬರು ನೋಡುವುದು. ಒಂದೇ ಮನೆಯಲ್ಲಿ ಇದ್ದ ಹಾಗಿರುತ್ತಿತ್ತು. ಅವತ್ತೂ ಹಾಗೇ ಒಂದು ಗಂಟೆ ಕಳೆಯಿತು.

ಮೇಸ್ತ್ರಿ ಟೀ ತಂದರು. ಪರದೆಯಲ್ಲಿದ್ದ ಅಕ್ಕನಿಗೆ ಕೈ ಬೀಸಿ, "ಸರಿಹೋಯ್ತಾ? ಏನಾಗಿತ್ತಂತೆ?" ಎಂದರು.

"ಏನೋ ಬಿಜಿ ಬಿಜಿ ಅಂತಿತ್ತು ಮೇಸ್ತ್ರಿ. ಹಳೇ ಕರ್ನಲ್ ಹಾಕ್ದೆ, ಓಡ್ತು."

"ಬಿಜಿ ಅಂದ್ರೆ?"

"ಬೇರೆ ಯಾವುದೋ ಪ್ರೋಗ್ರಾಂ ಕ್ಯಾಮೆರಾನ ಹಿಡ್ಕೊಂಡಿದೆ ಅಂತ."

ಮೇಸ್ತ್ರಿಗೆ ಕಂಪ್ಯೂಟರ್ ಅಂದರೆ ಕಬ್ಬಿಣದ ಕಡಲೆ. ಅವರು ಟೀ ಊದುತ್ತಾ ಸಹಜವಾಗಿ ಕೇಳಿದರು: "ಯಾರು ಹಿಡ್ಕೊಂಡಿದ್ರು ಅಂತ ನೋಡಿದ್ಯಾ?"

ರಾಟೆಗೆ ಬೆಳಗಿನ ರೋಪು ಕಣ್ಣ ಮುಂದೆ ಬಂತು. ಟೀ ಲೋಟ ಪಕ್ಕಕ್ಕಿಟ್ಟು ಅಕ್ಕನ ಲ್ಯಾಪ್‌ಟಾಪಿನೊಳಗೆ ಮತ್ತೆ ಹೋದ. ಕ್ಯಾಮೆರಾವನ್ನು ಈಗ ಯಾರು ಹಿಡಿದಿದ್ದಾರೆ ಎಂದು ಕೇಳುವ ಆಜ್ಞೆ ಒಂದೇ ಸಾಲಿನದು, ಮಧ್ಯಾಹ್ನವೇ ಕೇಳಬಹುದಾಗಿತ್ತು. ಉತ್ತರದಲ್ಲಿ ವಿಡಿಯೋ ಕರೆಯ ಪ್ರೋಗ್ರಾಮಿನ ಹೆಸರಿರಲಿಲ್ಲ. ಅವನು ಯಾವತ್ತೂ ಹಾಕದ ಇನ್ನೊಂದರ ಹೆಸರಿತ್ತು.

ನೋಡುತ್ತಾ ಹೋದಂತೆ ಎಲ್ಲ ಬಿಚ್ಚಿಕೊಂಡಿತು. ನಡುವೆ ಒಬ್ಬ ಕೂತಿದ್ದ, ಆ ಕಳ್ಳ ಪ್ರೋಗ್ರಾಂ. ನಿಜವಾದ ಕ್ಯಾಮೆರಾದ ಚಿತ್ರವನ್ನು ಅವನು ತೆಗೆದುಕೊಂಡು, ಒಂದು ಪ್ರತಿ ತಾನಿಟ್ಟುಕೊಂಡು, ಇನ್ನೊಂದನ್ನು ಅದೇ ಹೆಸರಿನ ಸುಳ್ಳು ಕ್ಯಾಮೆರಾಗೆ ದಾಟಿಸುತ್ತಿದ್ದ. ಅಕ್ಕ ಮಾತಾಡುತ್ತಿದ್ದದ್ದು ಆ ಸುಳ್ಳು ಕ್ಯಾಮೆರಾದ ಮುಂದೆ. ಹೊಸ ಕರ್ನಲ್ ಬಂದಾಗ ಸುಳ್ಳು ಕ್ಯಾಮೆರಾ ಅದಕ್ಕೆ ಹೊಂದದೆ ಸತ್ತಿತು. ನಡುವಿನವನು ಏಳುವುದು, ಕ್ಯಾಮೆರಾ ಹಿಡಿಯುವುದು, ದಾಟಿಸಲು ದಾರಿಯಿಲ್ಲದೆ ಬೀಳುವುದು, ಮತ್ತೆ ಏಳುವುದು. ಐದು ದಿನ ಆ ದೀಪ ಹತ್ತಿ ಆರಿದ್ದು ಅದಕ್ಕೆ. ಐದು ದಿನ ಭಾವ ಎಲ್ಲೂ ಕಾಣಿಸಿಕೊಳ್ಳದಿದ್ದದ್ದೂ ಅದಕ್ಕೇ. ಅಪ್‌ಡೇಟು ತನಗೇ ಗೊತ್ತಿಲ್ಲದೆ ಬ್ರೇಕು ಹಿಡಿದಿತ್ತು. ರಾಟೆ ಬಿಡಿಸಿಕೊಟ್ಟಿದ್ದ.

ಹಿತ್ತಿಲ ಬಾಗಿಲಿನಿಂದ, ಮನೆಯ ನಂಬರು ಒತ್ತಿಯೇ ಭಾವ ಇದನ್ನು ಒಳಗೆ ಕೂರಿಸಿದ್ದ. ಕಳ್ಳನಿಗೂ ಸೋಮಾರಿತನ ಇರುತ್ತದೆ. ಕದ್ದದ್ದನ್ನು ಕದ್ದ ಮನೆಯಲ್ಲೇ ಗಂಟು ಕಟ್ಟಿಟ್ಟಿದ್ದ. ಮರೆಮಾಡಿದ ಫೋಲ್ಡರಿನಲ್ಲಿ ಏಳು ತಿಂಗಳ ಕರೆಗಳು ತಾರೀಖಿನ ಪ್ರಕಾರ ಇದ್ದವು. ಜೊತೆಗೊಂದು ಫೈಲು. ಅದರ ಹೆಸರು ಪದಗಳು. ರಾಟೆ ಅದನ್ನು ತೆರೆದ.

ನೀರು: ಹೆಬ್ಬೆರಳು ತುಟಿಗೆ. ಕೆಲಸ: ಎರಡು ಮುಷ್ಟಿ ಉಜ್ಜುವುದು. ತಮ್ಮ: ಕಿವಿಯ ತುದಿ. ಭಯ: ಕತ್ತಿನ ಹಿಂದೆ ಕೈ. ಪ್ರತಿ ಪದದ ಮುಂದೆ ಯಾವ ದಿನದ ಎಷ್ಟನೇ ನಿಮಿಷ ಎಂಬ ಗುರುತು, ಅದರಾಚೆ ಖಚಿತ ಅಥವಾ ಅನುಮಾನ. ಅನುಮಾನ ಎಂದಿದ್ದವು ತಿಂಗಳು ಕಳೆದಂತೆ ಒಂದೊಂದಾಗಿ ಖಚಿತ ಆಗಿದ್ದವು. ಇನ್ನೂರ ಹನ್ನೆರಡು ಪದ. ಒಂದು ಸಾಲಿನ ಮೇಲೆ ರಾಟೆಯ ಕಣ್ಣು ನಿಂತಿತು. ಅಂಗೈ ಮೇಲೆ ಮುಷ್ಟಿ, ಎರಡು ಸಲ: ನಾನು.

ಒಂಬತ್ತು ವರ್ಷ ಸಂಸಾರ ಮಾಡಿ ಒಂದು ಪದಕ್ಕೂ ಪುರುಸೊತ್ತಿಲ್ಲದವನು, ಅವಳನ್ನು ಬೇಟೆಯಾಡಲು ಏಳು ತಿಂಗಳಲ್ಲಿ ಇಡೀ ಭಾಷೆ ಕಲಿತಿದ್ದ. ಆ ಭಾಷೆಗೆ ನಿಘಂಟು ಎಂಬುದೊಂದು ಹುಟ್ಟಿದ್ದರೆ ಅದು ಇದೇ ಮೊದಲು, ಬರೆದವನು ಅವನು. ಫೈಲಿನ ಕೊನೆಯ ಸಾಲುಗಳು ಅವತ್ತಿನವು. ಟ್ಯಾಂಕು, ಖಚಿತ. ಏಳು, ಖಚಿತ. ಹಸಿರು, ಖಚಿತ. ಬರೆದು ಐವತ್ತು ನಿಮಿಷವಾಗಿತ್ತು. ಲ್ಯಾಪ್‌ಟಾಪಿನ ಒಳಗೆ ಈಗ ಯಾರು ಯಾರಿದ್ದಾರೆ ಎಂದು ಕೇಳಿದರೆ ಇಬ್ಬರೆಂದು ಬಂತು. ಒಬ್ಬ ತಾನು. ಇನ್ನೊಬ್ಬ ಈಗಲೂ ನೋಡುತ್ತಿದ್ದ.

ನಡುವಿನವನನ್ನು ಕೊಲ್ಲುವುದು ಒಂದು ಕ್ಷಣದ ಕೆಲಸ. ಆದರೆ ಅವನು ಹೋದರೆ ಅಕ್ಕನ ಮುಖವೂ ಹೋಗುತ್ತದೆ, ಅವಳಿಗೆ ಹೇಳುವ ದಾರಿಯೂ ಹೋಗುತ್ತದೆ. ಅವಳು ಕ್ಯಾಮೆರಾಗೆ ಬೆನ್ನು ಹಾಕಿ ಹಾಸಿಗೆಗೆ ಹೊದಿಕೆ ಹಾಸುತ್ತಿದ್ದಳು. ರಾಟೆ ಎರಡೂ ಕೈ ಎತ್ತಿ ಬೀಸಿದ. ಅವಳು ತಿರುಗಲಿಲ್ಲ. ಅಂಗೈ ಮೇಲಿದ್ದ ನಂಬರಿಗೆ ಫೋನ್ ಮಾಡಿದ.

"ಅಮ್ಮಾ, ನಿಮ್ಮ ಎರಡನೇ ಮಹಡೀಲಿದಾರಲ್ಲ, ಅವರ ತಮ್ಮ ಮಾತಾಡ್ತಿದೀನಿ."

"ಮತ್ತೆ ಏನಪ್ಪಾ? ಆಗ್ಲೇ ಮಾಡಿದ್ಯಲ್ಲ, ಗೇಟು ತೆಗೆದೇ ಇದೆ, ಹೋಗು ಅಂತ ಹೇಳಿದ್ನಲ್ಲ."

"ಯಾವಾಗ ಮಾಡ್ದೆ ನಾನು?"

"ಅರ್ಧ ಗಂಟೆ ಆಯ್ತೇನೋ. ಅಕ್ಕನ್ನ ನೋಡೋಕೆ ಬರ್ತಿದೀನಿ, ಮನೇಲಿದಾಳಾ ಅಂದೆ. ನಾನೇ ಅಂದೆ, ಇದಾಳೆ ಹೋಗಪ್ಪಾ, ನಾನು ಔಷಧಿ ಅಂಗಡೀಲಿದೀನಿ, ಬರ್ತೀನಿ ಅಂತ. ಮರೆತುಬಿಟ್ಯಾ?"

"ಅಮ್ಮಾ, ಅದು ನಾನಲ್ಲ. ದಮ್ಮಯ್ಯ ಅಂತೀನಿ, ನಾಲ್ಕು ಜನ ಕರ್ಕೊಂಡು ಓಡಿ. ಅವನು ಅವಳ ಗಂಡ. ಅವಳನ್ನ ಬಿಡಲ್ಲ ಅವನು."

ಮಾತು ಮುಗಿಯುವ ಮುಂಚೆಯೇ ಪರದೆಯಲ್ಲಿ ಬಲ್ಬು ಮಿನುಗಿತು. ಹತ್ತಿತು, ಆರಿತು, ಹತ್ತಿತು. ಅಕ್ಕ ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಸಂಭ್ರಮವಿತ್ತು. ಹೊಸ ಬಲ್ಬು ಮೊದಲ ಸಲ ಕೆಲಸ ಮಾಡಿತ್ತು. ಓನರಮ್ಮ ಬಂದಿರಬೇಕೆಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಾ ಬಾಗಿಲ ಕಡೆ ನಡೆದಳು. "ಅಕ್ಕಾ!" ಎಂದು ರಾಟೆ ಕೂಗಿದ. ಮೆಷಿನ್ ರೂಮಿನ ತಗಡು ನಡುಗಿತು. ಮೂವತ್ತು ವರ್ಷ ಅವಳ ತಮ್ಮನಾಗಿ ಬಾಳಿದವನು ಆ ಗಳಿಗೆಯಲ್ಲಿ ಅವಳಿಗೆ ಕೇಳುವುದಿಲ್ಲ ಎಂಬುದನ್ನೇ ಮರೆತಿದ್ದ.

ಆಮೇಲೆ ನೆನಪಾಯಿತು. ಚಿಕ್ಕಂದಿನಲ್ಲಿ ಅವಳನ್ನು ಕರೆಯಬೇಕಾದರೆ ದೀಪದ ಸ್ವಿಚ್ಚು ಆರಿಸಿ ಹತ್ತಿಸುತ್ತಿದ್ದರು. ಕಪ್ಪು ಪರದೆಗೆ ಹೋಗಿ ಅಕ್ಕನ ಲ್ಯಾಪ್‌ಟಾಪಿನ ಬೆಳಕನ್ನು ಸೊನ್ನೆಗಿಳಿಸಿದ, ಪೂರ್ತಿ ಏರಿಸಿದ. ಸೊನ್ನೆ, ಪೂರ್ತಿ. ಎರಡು ಸಲ ತಪ್ಪು ಒತ್ತಿದ. ಸೊನ್ನೆ, ಪೂರ್ತಿ. ಆ ಮಬ್ಬು ರೂಮಿನ ಬಾಗಿಲ ಮೇಲೆ ಬಿಳಿ ಬೆಳಕು ಬಡಿದು ಬಡಿದು ಹೋಯಿತು. ಚಿಲಕದ ಮೇಲೆ ಕೈಯಿಟ್ಟಿದ್ದ ಅಕ್ಕ ತಿರುಗಿದಳು.

ಅಂಗೈ ಮೇಲೆ ಮುಷ್ಟಿ. ಎರಡು ಗುದ್ದು. ಬಾಗಿಲ ಕಡೆ ಬೆರಳು.

ಅಕ್ಕ ಚಿಲಕದಿಂದ ಕೈ ತೆಗೆದು, ಬೆಂಕಿ ಮುಟ್ಟಿದವಳಂತೆ ಎದೆಗೆ ಒತ್ತಿಕೊಂಡಳು.

"ಹೇಗೆ?" ಎಂದು ಕೇಳಿತು ಒಂದು ಕೈ.

ರಾಟೆ ತನ್ನ ಕಣ್ಣಿಗೆ ಬೆರಳಿಟ್ಟು, ಅದೇ ಬೆರಳನ್ನು ನೇರ ಅವಳ ಕ್ಯಾಮೆರಾದತ್ತ ತೋರಿಸಿದ. ಇದರೊಳಗಿಂದ ನೋಡ್ತಿದಾನೆ. ಕೈಯನ್ನೂ ಓದ್ತಾನೆ. ಎಲ್ಲ ಕಲ್ತಿದಾನೆ.

ಬಾಗಿಲ ಮೇಲೆ ಬಲ್ಬು ಮಿನುಗುತ್ತಲೇ ಇತ್ತು. ಅಕ್ಕ ಅದನ್ನು ನೋಡಲಿಲ್ಲ. ಮೆಲ್ಲಗೆ ಮೇಜಿನ ಹತ್ತಿರ ಬಂದಳು. ತಮ್ಮನ ಮುಖವನ್ನು ಒಂದು ಸಲ ಕಣ್ತುಂಬ ನೋಡಿದಳು. ಆಮೇಲೆ ಹೆಬ್ಬೆರಳು ಚಾಚಿ ಕ್ಯಾಮೆರಾದ ಕಣ್ಣಿನ ಮೇಲೆ ಒತ್ತಿದಳು.

ರಾಟೆಯ ಪರದೆ ಪೂರ್ತಿ ಕೆಂಪಾಯಿತು. ಅಕ್ಕನ ಬೆರಳಿನ ರಕ್ತದ ಕೆಂಪು. ಅದು ಒಂದು ಸಲ ತಿಳಿಯಾಗುತ್ತಿತ್ತು, ಒಂದು ಸಲ ಗಾಢವಾಗುತ್ತಿತ್ತು, ಮತ್ತೆ ತಿಳಿ. ಬಲ್ಬು ಮಿನುಗುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಮಿನುಗುತ್ತಿರುವವರೆಗೆ ಭಾವ ಬಾಗಿಲ ಹೊರಗಿದ್ದಾನೆ. ಮೇಸ್ತ್ರಿ ರಾಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಇಬ್ಬರೂ ಆ ಕೆಂಪನ್ನು ನೋಡುತ್ತಾ ಎಣಿಸಿದರು. ಹದಿನೇಳರ ತನಕ ಎಣಿಸಿದರು. ಹದಿನೆಂಟನೆಯದು ಬರಲಿಲ್ಲ.

ಫೋನು ಹೊಡೆದುಕೊಂಡಿತು. ಓನರಮ್ಮ ಏದುಸಿರು ಬಿಡುತ್ತಿದ್ದರು.

"ಹೋದ ಕಣಪ್ಪಾ. ಔಷಧಿ ಅಂಗಡಿ ಹುಡುಗ್ರು, ಎದುರು ಮನೆಯವ್ರು, ಎಲ್ಲ ಬಂದ್ವಿ. ನಮ್ಮನ್ನ ನೋಡಿ ಸಮಾಧಾನವಾಗೇ ಇಳಿದು ಹೋದ. ಗಲಾಟೆ ಏನೂ ಮಾಡ್ಲಿಲ್ಲ. ಇವಳು ಬಾಗಿಲು ತೆಗೀಲಿಲ್ಲ, ಗಟ್ಟಿಯಾಗಿದಾಳೆ. ಪೊಲೀಸ್ರಿಗೂ ಹೇಳಿದೀವಿ."

"ಏನಾದ್ರೂ ಅಂದ್ನಾ?"

"ಬಾಯಲ್ಲಿ ಏನೂ ಅನ್ಲಿಲ್ಲ. ಗೇಟಿನ ಹತ್ರ ನಿಂತ್ಕೊಂಡು, ನಗ್ತಾ, ಅವಳಿಗೆ ಇದನ್ನ ತೋರ್ಸಿ ಅಂತ ಕೈಯಲ್ಲಿ ಏನೋ ಮಾಡ್ದ. ನಂಗರ್ಥ ಆಗ್ಲಿಲ್ಲ. ಎದೆ ಮುಂದೆ ಬೀಗ ತಿರುಗಿಸಿದ ಹಾಗೆ ಮಾಡಿ, ಆಮೇಲೆ ಕೆನ್ನೆ ಮೇಲೆ ಅಂಗೈ ಇಟ್ಕೊಂಡ. ಹಾಗಂದ್ರೆ ಏನಪ್ಪಾ?"

ರಾಟೆ ಫೋನು ಕೆಳಗಿಟ್ಟ. ಪರದೆಯ ಮೇಲೆ ಕೆಂಪು ಸರಿಯಿತು. ಅಕ್ಕ ಹೆಬ್ಬೆರಳು ತೆಗೆದಿದ್ದಳು. ಅವಳ ಹಿಂದೆ ಬಾಗಿಲು ಮುಚ್ಚಿಯೇ ಇತ್ತು, ಬಲ್ಬು ಆರಿತ್ತು, ಕ್ಯಾಮೆರಾದ ಪಕ್ಕದ ದೀಪ ಮಾತ್ರ ಇನ್ನೂ ಉರಿಯುತ್ತಿತ್ತೆಂದು ಇವನ ಕಪ್ಪು ಪರದೆ ಹೇಳುತ್ತಿತ್ತು. ಲ್ಯಾಪ್‌ಟಾಪಿನ ಒಳಗೆ ಈಗಲೂ ಇಬ್ಬರು. ಅಕ್ಕ ಕೈ ಎತ್ತಿದಳು, ಏನೋ ನೆನಪಾಗಿ ಇಳಿಸಿದಳು, ಮತ್ತೆ ಹೊಟ್ಟೆಯ ಹತ್ತಿರ, ಯಾರಿಗೂ ಕಾಣದಂತೆ ಪಿಸುಗುಟ್ಟುವವಳ ಹಾಗೆ, ಎರಡು ಬೆರಳನ್ನಷ್ಟೇ ಅಲ್ಲಾಡಿಸಿದಳು. ಏನಂದ?

ರಾಟೆ ಅಕ್ಕನ ಮುಖ ನೋಡಿದ. ಮಲಗುವ ಮುಂಚೆ ಅವಳು ಇಷ್ಟು ವರ್ಷ ಕಾದದ್ದು ಅದೊಂದು ಮಾತಿಗೆ. ಅವನು ಎರಡೂ ಕೈಗಳನ್ನು ಜೇಬಿನೊಳಗೆ ಹಾಕಿಕೊಂಡ.